ಕಂತು ೪೧೨

ಶಾರ್ಜಾ, ರೋಲಾ. ಎಂಟಕ್ಕೇ ಬೀದಿ ಬಂದ್.
ಅಡುಗೆಮನೆಯ ಮೇಜಲ್ಲಿ ನಾನು
ಮಂದಾಕಿನಿಯನ್ನು ಕೋಮಾಕ್ಕೆ ಕಳಿಸುತ್ತಿದ್ದೇನೆ.
ನಟಿಗೆ ಜ್ವರವಂತೆ. ಚಾನೆಲ್ಲಿನ ಅಪ್ಪಣೆ:
ಅತ್ತೆ ಬದುಕಿರಲಿ, ಮುಖ ಬೇಡ, ಬ್ಯಾಂಡೇಜು ಸಾಕು.
ಮತ್ತೆ ಮೇಡಂ, ಸೋಂಕಿನ ಮಾತು ಬೇಡ,
ಸರ್ಕಾರದ್ದಂತೂ ಬೇಡವೇ ಬೇಡ.
ಜನ ನೋಡೋದೇ ಮರೆಯೋಕೆ.

ಸರಿ. ನನ್ನ ಬಂಗಲೆಯಲ್ಲಿ ಯಾರೂ ಕೆಮ್ಮುವುದಿಲ್ಲ.
ಮದುವೆಗೆ ಐನೂರು ಜನ,
ಹಳೇ ಕಂತಿನಿಂದ ಕತ್ತರಿಸಿ ತಂದವರು.

ಓಣಿಯಾಚೆ ಎಂಟು ಮಂಚದ ಕೋಣೆ.
ಬೇಕರಿಯ ಹಮ್ಮಬ್ಬ ಬಟ್ಟೆ ಹರವುತ್ತ ಕೂಗುತ್ತಿದ್ದ:
"ಅಕ್ಕಾ, ಮಂತ್ರಿ ಹೇಳಿದ ವಿಮಾನದಲ್ಲಿ ನಮ್ಮ ಹೆಸರುಂಟಾ?
ಆ ಸೊಸೆಗೆ ಸತ್ಯ ಯಾವಾಗ ಗೊತ್ತಾಗ್ತದೆ?"
ಎರಡಕ್ಕೂ ನನ್ನದು ಒಂದೇ ಉತ್ತರ, ನಾಳೆ ನೋಡು.
ಕಂತು ಮುಗಿಸುವವಳ ಚಾಳಿ.

ಮಂಗಳವಾರ ಬಿಳಿ ಉಡುಪಿನವರು ಬಂದರು.
ಹಗ್ಗದ ಮೇಲೆ ಅವನ ನೀಲಿ ಅಂಗಿ
ಒಣಗಿ, ಮತ್ತೂ ಒಣಗಿ, ಹಲಗೆಯಾಗಿದೆ.

ಸತ್ತವರನ್ನು ಮೂರು ಸಲ ಎಬ್ಬಿಸಿದ್ದೇನೆ ನಾನು,
ಒಮ್ಮೆ ಬೇರೆ ಮುಖ ಹಚ್ಚಿ.
ನಿನ್ನೆ ಸೊಸೆಯ ಕೈಗೊಂದು ನೀಲಿ ಅಂಗಿ ಕೊಟ್ಟೆ,
ಕಾರಣ ಬರೆಯಲಿಲ್ಲ.
ಬೆಳಿಗ್ಗೆ ಫೋನು: ಮೇಡಂ, ಇದ್ಯಾರ ಅಂಗಿ?
ಕಥೇಲಿ ಇಲ್ವಲ್ಲಾ.