ನಡಾವಳಿಗೆ ಬಾರದ್ದು

ಹನ್ನೊಂದು ವರ್ಷ ಈ ಮೇಜಿನ ಮೂಲೆಯಲ್ಲಿ ಕೂತು
ಆಡಳಿತ ಮಂಡಳಿಯ ನಡಾವಳಿ ಬರೆದೆ.
ನಡಾವಳಿಯಲ್ಲಿ ಯಾರೂ ಕೆಮ್ಮುವುದಿಲ್ಲ,
ಯಾರ ಕೈಯೂ ನಡುಗುವುದಿಲ್ಲ.
ಕೂಗಾಡಿದರೆ ‘ಚರ್ಚೆ ನಡೆಯಿತು’,
ಅತ್ತರೆ ‘ಹತ್ತು ನಿಮಿಷ ವಿರಾಮ’.

ಅವರನ್ನು ಮೊದಲು ಕಂಡದ್ದು ಇಲ್ಲಲ್ಲ,
ಒಂಬತ್ತನೇ ಕೋಣೆಯಲ್ಲಿ. ಕರಾರು ಕಾನೂನು, ಮೊದಲ ಪಾಠ.
ಪ್ರೊಫೆಸರ್ ಓಡೀಲ್ ಥಿಬೊಡೋ.
ಗಿಡ್ಡ ಹೆಂಗಸು, ಗಂಡಸರ ಬೂಟು.
ಒದ್ದೆ ಕೈಗವಸು ರೇಡಿಯೇಟರ್ ಮೇಲೆ ಒಣಗಲಿಟ್ಟು
ನಮ್ಮ ಕಡೆ ತಿರುಗಿ ಅಂದರು:
“ಓದದೆ ಹಾಕಿದ ಸಹಿಯೂ ಸಹಿಯೇ.”
ಬರೆದುಕೊಂಡೆವು. ಪರೀಕ್ಷೆಯಲ್ಲೂ ಬಂತು.
ನಾನು ನಪಾಸಾಗಿ ಶೀಘ್ರಲಿಪಿ ಕಲಿತೆ.

ಆ ಮಾತಿನ ಹಿಂದೆ ಒಬ್ಬ ಅಜ್ಜಿ ಇದ್ದಳೆಂದು
ತಿಳಿದದ್ದು ಬಹಳ ತಡವಾಗಿ.
ಫ್ರೆಂಚ್ ಬಿಟ್ಟು ಬೇರೆ ಬಾರದವಳು,
ಇಂಗ್ಲಿಷಿನ ಕಾಗದಕ್ಕೆ ಒಂದು ಶಿಲುಬೆ ಗೀಚಿ
ನದಿಯಂಚಿನ ಆಲೂಗೆಡ್ಡೆ ಹೊಲವನ್ನು
ಕಾಗದದ ಗಿರಣಿಗೆ ಬರೆದುಕೊಟ್ಟವಳು.
ಗುತ್ತಿಗೆ ಅಂದುಕೊಂಡಿದ್ದಳು. ಕ್ರಯವಾಗಿತ್ತು.
ಆ ಗಿರಣಿಯ ದೇಣಿಗೆಯಿಂದಲೇ ಎದ್ದದ್ದು ಈ ಕಾನೂನು ಕಟ್ಟಡ,
ಮೇನ್ ರಾಜ್ಯದ ಉತ್ತರದ ತುದಿಯಲ್ಲಿ,
ಕಿಟಕಿ ತೆರೆದರೆ ಆಚೆ ದಡ ಕೆನಡಾ.
ಮೊಮ್ಮಗಳು ಅಲ್ಲೇ ಕಲಿತು ಅಲ್ಲೇ ಕಲಿಸಿದರು
ಇಪ್ಪತ್ತಾರು ವರ್ಷ.
ಸಿಟ್ಟು ಬರುವುದಿಲ್ಲವೇ ಎಂದು ಕೇಳಿದ್ದೆ ಒಮ್ಮೆ.
“ಬಿಸಿನೀರಿನ ಕೊಳವೆ ಚೆನ್ನಾಗಿ ಹಾಕಿಸಿದ್ದಾರೆ” ಅಂದರು.

ಗಿರಣಿ ಮುಚ್ಚಿತು. ರಾಜಧಾನಿಯವರು ಅನುದಾನದ ಕತ್ತು ಹಿಚುಕಿದರು.
ಹಿಂದಿನ ಅಧ್ಯಕ್ಷ ಬೆಚ್ಚಗಿನ ಊರು ನೋಡಿಕೊಂಡು ಹೋದ.
ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು
ಎಲ್ಲರೂ ತಮ್ಮ ತಮ್ಮ ಬೂಟಿನ ತುದಿ ನೋಡುತ್ತಿದ್ದಾಗ
ಓಡೀಲ್ ಕೈಯೆತ್ತಿದರು, ಕಿಟಕಿ ಮುಚ್ಚಿ ಎನ್ನಲು.
ನಾನು ಒಪ್ಪಿಗೆ ಎಂದು ಬರೆದುಕೊಂಡೆ.
ಇಂದಿಗೂ ನನ್ನ ಮೇಲೆ ಆ ಆರೋಪವಿದೆ.

ಅಧ್ಯಕ್ಷಗಿರಿ ಅಂದರೆ ಛಾವಣಿ. ಸೋರುವ ಛಾವಣಿ,
ಛಾವಣಿಗೆ ಹಣ, ಹಣಕ್ಕೆ ಐದು ತಾಸಿನ ದಾರಿ,
ಹಿಮ ಬಿದ್ದರೆ ಏಳು, ಶಾಸಕರ ಮುಂದೆ ಮೂರು ನಿಮಿಷ.
ಗೆಡ್ಡೆ ಅಗೆಯುವ ವಾರಗಳಲ್ಲಿ
ಹುಡುಗರ ಹಾಜರಿ ಕೇಳಬೇಡಿ ಎಂದೊಂದು ಸುತ್ತೋಲೆ.
ರಾತ್ರಿ ಬಾಯ್ಲರ್ ಕಾಯುವ ರಿಯಾಲ್ ಸೀರ್ ಜೊತೆ ಮಾತ್ರ
ಮನೆಮಾತು ಆಡುತ್ತಿದ್ದರು, ಗಡಿಯ ಒರಟು ಫ್ರೆಂಚ್,
ಪ್ಯಾರಿಸಿನವರು ಕೇಳಿದರೆ ನಗುವಂಥದ್ದು.
ಇಬ್ಬರೂ ಕೆಳಗೆ ನಗುತ್ತಿದ್ದರೆ
ನನ್ನ ಕೋಣೆಯ ಕೊಳವೆಯಲ್ಲಿ ಕೇಳುತ್ತಿತ್ತು.

ಆರನೇ ಚಳಿಗಾಲ. ವಿಷಯ ಸಂಖ್ಯೆ ನಾಲ್ಕು:
ಫ್ರೆಂಚ್ ವಿಭಾಗವನ್ನು ಮುಚ್ಚುವುದು.
ಮೂವರು ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು.
ಲೆಕ್ಕ ಸರಿಯಾಗಿತ್ತು. ಹಾಕಿದವರು ಅವರೇ.
ನರ್ಸಿಂಗ್ ಉಳಿಯಬೇಕಾದರೆ ಬೇರೆ ದಾರಿಯಿಲ್ಲ ಅಂದರು.
ಇತ್ತೋ ಏನೋ.

ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.
ಎದ್ದು ನಿಂತು ಠರಾವನ್ನು
ಮೊದಲಿಂದ ಕೊನೆಯವರೆಗೆ
ಅಜ್ಜಿಯ ಮಾತಿಗೆ ತಿರುಗಿಸುತ್ತ ಓದಿದರು.
‘ಅನುದಾನ’ಕ್ಕೆ ಆ ಮಾತಿನಲ್ಲಿ ಪದ ಸಿಗದೆ
ಒಂದು ಗಳಿಗೆ ತಡವರಿಸಿ
‘ಕೊಟ್ಟು ಕಿತ್ತುಕೊಳ್ಳುವುದು’ ಎಂಬಂಥದೇನೋ ಅಂದರಂತೆ.
ಬಾಗಿಲಲ್ಲಿ ನಿಂತಿದ್ದ ರಿಯಾಲ್ ಆಮೇಲೆ ಹೇಳಿದ್ದು ಇದು.
ನನಗೆ ಆ ಭಾಷೆ ಬಾರದು,
ಮಂಡಳಿಯ ಒಂಬತ್ತು ಜನಕ್ಕೂ ಬಾರದು.
ಯಾರೋ ಗಡಿಯಾರ ನೋಡಿದರು.
ಓದಿದರು. ಆಮೇಲೆ ಸಹಿ.

ನಾನು ಬರೆದದ್ದು ಇಷ್ಟು:
‘ಅಧ್ಯಕ್ಷರು ಠರಾವನ್ನು ಓದಿದರು. ಸರ್ವಾನುಮತ.
ಸಭೆ ನಾಲ್ಕು ಐವತ್ತಕ್ಕೆ ಮುಗಿಯಿತು.’

ಆ ರಾತ್ರಿಯಿಂದ ರಿಯಾಲ್ ಸೀರ್,
ಅವರು ಮನೆಮಾತಿನಲ್ಲಿ ಏನು ಕೇಳಿದರೂ
ಇಂಗ್ಲಿಷಿನಲ್ಲೇ ಉತ್ತರಿಸಿದ,
ನಿವೃತ್ತನಾಗುವವರೆಗೆ,
ಟೋಪಿ ತೆಗೆದು, ತುಂಬ ವಿನಯದಿಂದ:
“ಯೆಸ್, ಮೇಡಂ.
ಬಾಯ್ಲರ್ ಚೆನ್ನಾಗಿ ಉರಿಯುತ್ತಿದೆ, ಮೇಡಂ.”