ಪೆಪ್ಪರಮೆಂಟಿನ ಪಾಠ

ಊಟದ ಮೇಲಿನ ಮೊದಲ ಪೀರಿಯಡ್ಡು, ಏಳನೇ ಕ್ಲಾಸು.
ಹೊಟ್ಟೆಯಲ್ಲಿ ಬಿಸಿ ಅನ್ನ, ಹುಳಿ;
ಬೋರ್ಡಿನ ಮೇಲೆ ಸಾವಿರದ ಒಂಬೈನೂರ ನಲವತ್ತೇಳು.
ಓಬಳೇಶ ಆಗಲೇ ಗಾಂಧಿ ಫೋಟೋದ ಕೆಳಗೆ
ಗೋಡೆಗೆ ತಲೆ ಕೊಟ್ಟಿದ್ದ.
ಅವನದೇನು ತಪ್ಪು?
ಹದಿನೆಂಟು ವರ್ಷದಿಂದ ನಾನೂ ಅದನ್ನೇ
ಇಸವಿಯಿಂದ ಇಸವಿಗೆ ಕಾಲೆಳೆದು ಹೇಳುತ್ತಿದ್ದೆ,
ರೇಷನ್ ಚೀಟಿ ಓದಿದ ಹಾಗೆ.

ಅವತ್ತು ಯಾಕೋ ಸೀಮೆಸುಣ್ಣ ಮೇಜಿನ ಮೇಲಿಟ್ಟು
"ಅಂಗಳಕ್ಕೆ ನಡೀರಿ" ಅಂದೆ.
ಅಡುಗೆಯ ಅಶ್ವತ್ಥಮ್ಮನಿಂದ
ಒಂದು ಹಿಡಿ ರಂಗೋಲಿ ಪುಡಿ ಇಸ್ಕೊಂಡು
ಹೊಂಗೆ ಮರದಿಂದ ನಲ್ಲಿಯವರೆಗೆ ಗೆರೆ ಎಳೆದೆ.
ನೇರ ಬರಲಿಲ್ಲ.
ನಿಜವಾದದ್ದೂ ನೇರ ಇರಲಿಲ್ಲ.

"ಈ ಕಡೆ ನಾವು, ಗೌರಿಬಿದನೂರು, ಮೈಸೂರು ಸಂಸ್ಥಾನ.
ಆ ಕಡೆ ಹಿಂದೂಪುರ, ಮದ್ರಾಸು, ಬ್ರಿಟಿಷರದ್ದು.
ನಡುವೆ ಏನಿತ್ತು?"
"ಜಾಲಿ ಗಿಡ" ಅಂದಳು ಚೌಡೇಶ್ವರಿ.
ಸರಿಯಾದ ಉತ್ತರ.
ಹುಣಸೆ ಮೂಟೆ ದಾಟುತ್ತಿತ್ತು, ಸೊಸೆಯಂದಿರು ದಾಟುತ್ತಿದ್ದರು,
ಉತ್ತರ ಪಿನಾಕಿನಿ, ನೀರಿದ್ದ ವರ್ಷ,
ಯಾರನ್ನೂ ಕೇಳದೆ ದಾಟುತ್ತಿದ್ದಳು.

ಹನ್ನೊಂದು ಮಕ್ಕಳು ಅತ್ತ, ಹನ್ನೊಂದು ಇತ್ತ.
"ಆಗಸ್ಟ್ ಹದಿನೈದು!" ಎಂದು ಕೂಗಿ
ಅತ್ತಲಿನ ಹನ್ನೊಂದು ಕೈಗೂ
ಒಂದೊಂದು ಪೆಪ್ಪರಮೆಂಟು ಹಾಕಿದೆ.
ಡಬ್ಬಿ ಮುಚ್ಚಿದೆ.

ಒಂದು ಕ್ಷಣ ಕಾಗೆಯೂ ಕೂಗಲಿಲ್ಲ.

"ಮಾಕೇದಿ ಟೀಚರ್?"
ಓಬಳೇಶ. ಪೂರ್ತಿ ಎಚ್ಚರ.
ಸಿಟ್ಟು ಬಂದರೆ ಅವನಿಗೆ ಮನೆಯ ತೆಲುಗೇ ಬಾಯಿಗೆ ಬರುವುದು.
"ನಿಮ್ಮದಿನ್ನೂ ಬಂದಿಲ್ಲ ಕಣೋ.
ನೀವು ಮಹಾರಾಜರ ಪ್ರಜೆಗಳು.
ಸರ್ಕಾರ ನಿಮ್ಮ ಕೈಗೆ ಸಿಕ್ಕಿಲ್ಲ."
"ಎಷ್ಟು ದಿನ ಕಾಯಬೇಕು?"
"ಎರಡು ತಿಂಗಳು ಚಿಲ್ಲರೆ."
"ಕಾದರೆ ತಾನಾಗೇ ಕೊಡ್ತಾರಾ?"

ಹದಿನೆಂಟು ವರ್ಷ.
ಈ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ನಾನು ಕೇಳಿರಲಿಲ್ಲ.

"ನೀವೇ ಹೇಳಿ" ಅಂದೆ.
ಹೇಳಲಿಲ್ಲ, ಕೂತರು,
ಹನ್ನೊಂದು ಜನವೂ, ಸುಡುವ ಮಣ್ಣಿನ ಮೇಲೆ.
ದೀಕ್ಷಿತ್ ಊಟದ ತಟ್ಟೆ ತಂದು ಬಡಿಯತೊಡಗಿದ,
ಐದನೇ ಕ್ಲಾಸು ಇಡೀ ಕಿಟಕಿಗೆ ಹತ್ತಿತು.
ಹೆಡ್‌ಮಾಸ್ಟರು ಏನೋ ಕೇಳಲು ಹೊರಬಂದವರು
ನನ್ನ ಮುಖ ನೋಡಿ ಒಳಗೆ ಹೋದರು.

ಆಗ ಗೆರೆಯಾಚೆಯಿಂದ ಮುಬೀನಾ
ಪೆಪ್ಪರಮೆಂಟನ್ನು ವೇಲಿನ ತುದಿಯಲ್ಲಿ ಸುತ್ತಿ
ಗುಬ್ಬಿ ಎಂಜಲು ಮಾಡಿ, ಕಟಕ್ಕನೆ,
ಗೆರೆ ತುಳಿಯದಂತೆ ಬಗ್ಗಿ
ಅರ್ಧವನ್ನು ಓಬಳೇಶನ ಕೈಗಿಟ್ಟಳು.
ಅವನು ತಿನ್ನಲಿಲ್ಲ.
"ಬೇಡ. ನಮ್ಮದು ನಮಗೆ ಬರಲಿ."
ಆದರೂ ಜೇಬಿಗೆ ಹಾಕಿಕೊಂಡ.

ಬೆಲ್ಲು ಹೊಡೆಯಿತು. ಅಕ್ಟೋಬರ್ ಇನ್ನೂ ದೂರ.
"ಮಿಕ್ಕಿದ್ದು ನಾಳೆ" ಅಂದೆ.
ಬೆಲ್ಲಾದ ಮೇಲೆ, ಇತಿಹಾಸಕ್ಕೆ,
"ಅಯ್ಯೋ" ಎಂಬ ಸದ್ದು ಕೇಳಿದ್ದು ಅದೇ ಮೊದಲು.

ಮರುದಿನ ಪ್ರಾರ್ಥನೆಗೆ ಮುಂಚೆಯೇ ಎಲ್ಲರೂ ಅಂಗಳದಲ್ಲಿ.
ರಾತ್ರಿ ಯಾರದೋ ಕುರಿಮಂದೆ ಹಾದು
ಗೆರೆ ಎಲ್ಲಿತ್ತೆಂದೇ ತಿಳಿಯುವಂತಿಲ್ಲ.
ಇಲ್ಲಿ ಅಂದ ಒಬ್ಬ, ಥೂ ಅಲ್ಲಿ ಅಂದಳು ಇನ್ನೊಬ್ಬಳು,
ನಲ್ಲಿಯ ಹತ್ತಿರ ಎಳೆದಾಟವೇ ಆಯಿತು.

ಓಬಳೇಶ ಮಾತ್ರ ತನ್ನ ಜಾಗ ಮರೆತಿರಲಿಲ್ಲ.
ಅಲ್ಲೇ ಕೂತು,
ಬೆವರಿಗೆ ಜೇಬಿಗಂಟಿದ ಅರ್ಧ ಚೂರನ್ನು
ಉಗುರಿನಿಂದ ಮೆಲ್ಲಗೆ ಬಿಡಿಸುತ್ತ
ತಲೆಯೆತ್ತದೆ ಕೇಳಿದ:
"ಟೀಚರ್, ಇವತ್ತು ಎಷ್ಟನೇ ತಾರೀಖು?"