ಬಾಕಿ

ಚೀಲದಾಗ ಕೈ ಹಾಕಿ, ನೋಡದೇ
ಎರಡರ ನಾಣ್ಯ ಯಾವುದು, ಐದರದು ಯಾವುದು
ಬೆರಳಿನಿಂದಲೇ ಹೇಳತೀನಿ ನಾ.
ಹದಿನಾರು ವರ್ಷ ಆತು ಹುಬ್ಬಳ್ಳಿ–ಗದಗ ಗಾಡಿಯಾಗ.
ಚಿಲ್ಲರ ಇಲ್ಲದಾಗ ಟಿಕೇಟಿನ ಹಿಂದ
ಬಾಕಿ ಬರದು ಕೆಳಗೊಂದು ಗೀಟು ಎಳೀತೀನಿ.
ಇಳಿಯೂಮುಂದ ಕೇಳದೇ ಹೋದವರ ಬಾಕಿ
ರಾತ್ರಿ ಲೆಕ್ಕದಾಗ ಹೆಚ್ಚಿಗಿ ಬಂದು
ಎದಿ ಮ್ಯಾಲ ಕುಂಡ್ರತೈತಿ.

ಇಂಥಾಕಿ, ಮಗಳಿಗೆ ಕಾರ್ಡ್ ಕೊಡಿಸಿದೆ.
ಪ್ರತೀಕ್ಷಾಗ ಹದಿನೈದು.
ಕಾರ್ಡ್ ನೇರಳಿ ಬಣ್ಣದ್ದು, ಆಕಿ ಹೆಸರು ಉಬ್ಬಿ ನಿಂತದ್ದು;
ತಿಂಗಳಿಗೆ ಎಂಟುನೂರು ನಾ ತುಂಬಬೇಕು,
ತುಂಬಿದಷ್ಟ ಆಕಿ ಖರ್ಚು ಮಾಡಬೇಕು.
“ನೋಟು ಮುರದ್ರ ಮುರದದ್ದು ಗೊತ್ತಾಗತೈತಿ,
ಇದನ್ನ ಹೆಂಗ ಮುರೀತಾಳ?” ಅಂದ್ರು ಇವರು,
ವರ್ಕಶಾಪಿನ ಎಣ್ಣಿ ಕೈ ಒರಸಿಕೋತ.
ಅತ್ತಿ ಹೊಳ್ಳಿಸಿ ಮೂಸಿ ನೋಡಿದ್ರು:
“ವಾಸನಿನೂ ಇಲ್ಲಲ್ಲವಾ ಇದಕ್ಕ.”
ಹದಿನೆಂಟಕ್ಕ ಬಾವಿಗೆ ನೂಕೂದಕ್ಕಿಂತ
ಈಗ ಮೊಣಕಾಲುಮಟ ನೀರಾಗ ನಿಲ್ಲಲಿ, ಅಂದೆ ನಾ.
ಖರೆ ಮಾತ ಅದು.
ಅಂಗಡಿ ಹುಡುಗ ಹೇಳಿದ ಇನ್ನೊಂದು ಮಾತು ಮಾತ್ರ
ಯಾರ ಮುಂದೂ ಬಿಚ್ಚಲಿಲ್ಲ:
“ಎಲ್ಲಿ ಖರ್ಚು ಮಾಡಿದ್ರೂ ನಿಮಗ ಮೆಸೇಜ್ ಬರತೈತ್ರಿ ಅಕ್ಕಾರ.”

ಅವತ್ತಿನಿಂದ ಖಾಕಿ ಕಿಸೆದಾಗ
ಮಗಳು ಟುಣ್ ಅಂತಾಳ.
ಶಿರಗುಪ್ಪಿಗೆ ಮೂವತ್ತು, ಗಿರಮಿಟ್.
ಭಂಡಿವಾಡಕ್ಕ ಹನ್ನೆರಡು, ಝೆರಾಕ್ಸ್.
ಅಣ್ಣಿಗೇರಿ ದಾಟಿದ ಮ್ಯಾಲ ನಲವತ್ತೈದು,
ಅಂಗಡಿ ಹೆಸರು ತಿಳೀವಲ್ದು;
ಗದಗ ಬರೂತನಕ ತಲಿಯಾಗ ಅದ.
ಸಂಜಿಗೆ ಕೇಳಿದೆ. “ಕ್ಲಿಪ್,” ಅಂದ್ಲು,
ತಲಿ ಬಗ್ಗಿಸಿ ಕೂದಲ ತೋರಿಸಿದ್ಲು,
ಚೆಕಿಂಗ್ ಸಾಹೇಬ್ರ ಮುಂದ
ನಾ ಚೀಲ ತೆರದು ಹಿಡಿಯೂವಂಗ.

ಬೆಟಗೇರಿಯಾಗ ನಮ್ಮಪ್ಪನ ಅಂಗಿ ಗೂಟಕ್ಕ ತೂಗತಿತ್ತು.
ಎಂಟಾಣೆ ತಗದ್ರ ಗೂಟ ಪಿಟ್ ಅಂತಿರಲಿಲ್ಲ.
ಆ ಬಾರೀಹಣ್ಣಿನ ಹುಳಿ ಯಾವ ಲೆಕ್ಕದಾಗೂ ಇಲ್ಲ,
ನನ್ನ ಹಲ್ಲಿನಾಗ ಐತಿ.
ಅಪ್ಪಗ ಗೊತ್ತಿತ್ತೇನೋ.
ಕೇಳೂಣಂದ್ರ ಈಗ ಅಪ್ಪಿಲ್ಲ.

ಜುಲೈದಾಗ ಮೆಸೇಜ್ ದಪ್ಪ ಆದುವು.
ಗಿರಮಿಟ್ ಮೂವತ್ತಲ್ಲ, ನೂರೈವತ್ತು.
ಹದಿನೈದನೇ ತಾರೀಖಿಗೆ ಎಂಟುನೂರೂ ಖಲಾಸ್.
ಹುಲಕೋಟಿ ಸ್ಟಾಪಿನಾಗ ರೈಟ್ ಅನ್ನೂದು ಮರತು ನಿಂತೆ.
ಐದು ಪ್ಲೇಟ್ ತಿನ್ನೂ ಹೊಟ್ಟಿ ಅಲ್ಲ ಅದು.
ಯಾರಿಗೆ ತಿನ್ನಸಾಕತ್ತಾಳ? ಯಾವನಿಗೆ?
ಡ್ರೈವರ್ ಹಾರ್ನ್ ಹೊಡದ.

ಮರುದಿನ ಐದು ಹುಡುಗರು ಹತ್ತಿದ್ರು.
ಒಬ್ಬವ ಐದೂ ಟಿಕೇಟಿಗೆ ಫೋನ್ ಚಾಚಿದ,
ಉಳಿದ ನಾಕು ಮಂದಿ ಅವನ ಕೈಯಾಗ ನೋಟಿಟ್ರು.
ಮಡಚಿ ಕಾಲಚೀಲದಾಗ ಸೇರಿಸಿಕೊಂಡ ಅವ.
ಅಲ್ಲೇ ಕಂಬ ಹಿಡಕೊಂಡು ನಕ್ಕೆ ನಾ.
ಚೀಲ ಹೊತ್ತು ಹೊತ್ತು ಹೆಗಲ ಸವದಾಕಿಗೆ
ಇಷ್ಟು ತಿಳಿಯಾಕ ಇಷ್ಟು ದಿನ ಬೇಕಾತು:
ಗೆಳತ್ಯಾರದ್ದೂ ಕಾರ್ಡಿನಿಂದ ಕೊಟ್ಟು
ಅವರ ಪಾಲು ಎಣಿಸಿ ಇಸಗೊಂಡು
ಟುಣ್ ಅನ್ನದ ರೊಕ್ಕ ಮಾಡಿಕೊಂಡಾಳ ನನ್ನ ಮಗಳು.

ಇವರಿಗೆ ಹೇಳಲಿಲ್ಲ.
ಸುಳ್ಳೋ, ಶಾಣ್ಯಾತನೋ,
ಯಾವುದರ ಕೆಳಗ ಗೀಟು ಎಳೀಲಿ?
ಆ ರೊಕ್ಕದಿಂದ ಏನ್ ತಗೋತಾಳ ಅನ್ನೂದು
ರಾತ್ರಿ ಎರಡಕ್ಕ ಎಬ್ಬಸತೈತಿ, ಸುಳ್ಳ್ಯಾಕ ಹೇಳಲಿ.

ಒಂದಿನ ನಸುಕಿನ ಡ್ಯೂಟಿ, ಚೀಲದಾಗ ಚಿಲ್ಲರ ಇಲ್ಲ.
“ಹತ್ತರ ನೋಟು ಅದಾವೇನ ಯಾರ ಹತ್ರರ?”
ಗ್ವಾಡಿಗೆ ಕೇಳಿದಂಗ ಕೇಳಿದೆ.
ನಿದ್ದಿಗಣ್ಣಾಗ ಎದ್ದು ಕಂಪಾಸ್ ಡಬ್ಬಿ ತೆರದು
ಕೋನಮಾಪಕದ ಕೆಳಗಿಂದ ತಗದು
ನನ್ನ ಅಂಗೈಯಾಗ ಇಟ್ಲು, ಹನ್ನೊಂದು.
ಇಟ್ಟ ಮ್ಯಾಲ ಪೂರ್ತಿ ಎಚ್ಚರಾದ್ಲು.

ನೂರರ ನೋಟೊಂದು ಕೊಟ್ಟೆ.
ಇಬ್ಬರೂ ಅದನ್ನ ನೋಡಿದ್ವಿ.
“ಹತ್ತು ಕಡಿಮಿ,” ಅಂದ್ಲು, ಸಣ್ಣ ದನೀಲೆ.
ಹಳೇ ಟಿಕೇಟಿನ ಹಿಂದ ಬರದು, ಗೀಟು ಎಳದು ಕೊಟ್ಟೆ.
ಅದನ್ನ ಡಬ್ಬಿಯಾಗಿಟ್ಟು ಟಪ್ ಅಂತ ಮುಚ್ಚಿದ್ಲು.

ಮೂರು ವಾರ ಆತು. ಆಕಿ ಕೇಳಿಲ್ಲ.
ನಾನೂ ಕೊಟ್ಟಿಲ್ಲ.